ನಮ್ಮ ಜನರೂ ಕಲಾಸಂಗ್ರಹಾಲಯಗಳೂ

ಕಲಾಸಂಗ್ರಹಾಲಯಕ್ಕೆ ಜನರು ಏತಕ್ಕೆ ಹೋಗುತ್ತಾರೆ ಎಂದು ಕೇಳಿದರೆ, ಕಲೆಯನ್ನು ನೋಡುವುದಕ್ಕೆ ಎಂಬ ಉತ್ತರವು ಒಡನೆಯೇ ಬರುವುದು. ಉತ್ತರವು ಸುಲಭವಾದುದು, ಆದರೆ ಪೂರ್ಣವಾದುದಲ್ಲ. ಸಂತೆಗೆ ಹೋಗುವವರೆಲ್ಲರೂ ಕೊಳ್ಳುವುದಕ್ಕಾಗಿಯೇ ಹೋಗುವುದಿಲ್ಲ. ದೇವಸ್ಥಾನಕ್ಕೆ ಹೋಗುವವರೆಲ್ಲರೂ ದೇವರಿಗಾಗಿಯೇ ಹೋಗುವುದಿಲ್ಲ. ಆದಿ ಉಡುಪಿಯ ಸಂತೆಗೆ ತರಕಾರಿಗಾಗಿ ಹೋದವನು ನೆಂಟರ ಮನೆಯ ಸುದ್ದಿಯನ್ನು ಹೊತ್ತು ಬರುವುದುಂಟು. ಶ್ರೀಕೃಷ್ಣನ ದರ್ಶನಕ್ಕೆಂದು ರಥಬೀದಿಗೆ ಬಂದವನು ರಥದ ಮರಗೆಲಸವನ್ನು ನೋಡುತ್ತ ನಿಂತುಬಿಡುವುದುಂಟು. ಹೊರಟ ಕಾರಣವೊಂದು, ನಿಂತ ಕಾರಣ ಮತ್ತೊಂದು. ಕಲಾಸಂಗ್ರಹಾಲಯದ ವಿಷಯದಲ್ಲಿಯೂ ಹೀಗೆಯೇ. ನಮ್ಮ ನಾಡಿನಲ್ಲಿ ಇಂತಹ ಸಂಸ್ಥೆಗಳು ಹುಟ್ಟಿ ನೂರೈವತ್ತು ವರ್ಷಗಳ ಮೇಲಾಯಿತು. ಈ ಅವಧಿಯಲ್ಲಿ ಸಂಗ್ರಹಗಳು ಬದಲಾದುದಕ್ಕಿಂತ ಹೆಚ್ಚಾಗಿ ಅವುಗಳನ್ನು ನೋಡಲು ಬರುವವರ ಕಾರಣಗಳು ಬದಲಾಗಿವೆ. ಆ ಬದಲಾವಣೆಯ ಚರಿತ್ರೆಯನ್ನು ಸ್ವಲ್ಪದರಲ್ಲಿ ಇಲ್ಲಿ ನಿರೂಪಿಸಬೇಕೆಂಬುದು ನಮ್ಮ ಉದ್ದೇಶ.

ಚಿತ್ರಶಾಲೆಯೆಂಬುದು ನಮ್ಮವರಿಗೆ ಹೊಸ ಮಾತಲ್ಲ. ಎಂಟನೆಯ ಶತಮಾನದ ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕವನ್ನು ಓದಿದವರು ಅಲ್ಲಿಯ ಚಿತ್ರದರ್ಶನದ ಪ್ರಸಂಗವನ್ನು ಮರೆಯಲಾರರು. ತಂದೆಯಾದ ಜನಕನು ಊರಿಗೆ ಹಿಂದಿರುಗಿದುದರಿಂದ ಸೀತೆಯ ಮನಸ್ಸು ಖಿನ್ನವಾಗಿದೆ. ಅವಳಿಗೆ ವಿನೋದವಾಗಲೆಂದು ಲಕ್ಷ್ಮಣನು ಹೊಸದಾಗಿ ಬರೆಯಿಸಿದ ಚಿತ್ರಗಳನ್ನು ತೋರಿಸಲು ಕರೆದೊಯ್ಯುತ್ತಾನೆ. ಚಿತ್ರಗಳಲ್ಲಿರುವುದು ಅವರದೇ ಜೀವನ. ಒಂದೊಂದಾಗಿ ನೋಡುತ್ತ ಹೋದಂತೆ ಸೀತೆ ಹಿಗ್ಗುತ್ತಾಳೆ, ಹೆದರುತ್ತಾಳೆ, ಕಣ್ಣೀರಿಡುತ್ತಾಳೆ. ಕೊನೆಗೆ ಆ ಕಾಡುಗಳನ್ನೂ ಭಾಗೀರಥಿಯನ್ನೂ ಮತ್ತೊಮ್ಮೆ ಕಾಣಬೇಕೆಂಬ ಬಯಕೆಯನ್ನು ತಿಳಿಸುತ್ತಾಳೆ. ಹೊತ್ತು ಕಳೆಯುವುದಕ್ಕೆಂದು ಚಿತ್ರಗಳ ಮುಂದೆ ಬಂದವಳು ಒಂದು ದೊಡ್ಡ ಹಂಬಲವನ್ನು ಹೊತ್ತು ಹಿಂದಿರುಗುತ್ತಾಳೆ; ಮುಂದಿನ ಕಥೆಯೆಲ್ಲವೂ ಆ ಹಂಬಲವನ್ನೇ ಅವಲಂಬಿಸಿ ನಡೆಯುತ್ತದೆ. ವಿನೋದವು ಸ್ಮರಣೆಯಾಗಿ, ಸ್ಮರಣೆಯು ಬಯಕೆಯಾಗಿ ಮಾರ್ಪಡುವ ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳತಕ್ಕ ಸಂಗತಿಗಳು ಸುಲಭವಾಗಿ ತಿಳಿದಾವು.

ಆದರೆ ಕಾವ್ಯದ ಚಿತ್ರಶಾಲೆ ಅರಮನೆಯವರದು. ಸಾಮಾನ್ಯ ಜನರಿಗೆ ಶಿಲ್ಪವೂ ಚಿತ್ರವೂ ದೊರೆಯುತ್ತಿದ್ದುದು ದೇವಸ್ಥಾನದಲ್ಲಿ, ಬಸದಿಯಲ್ಲಿ, ಗರಡಿಯಲ್ಲಿ, ಭೂತಸ್ಥಾನದಲ್ಲಿ. ಕಾರ್ಕಳದ ಗುಡ್ಡದ ಮೇಲೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಗೊಮ್ಮಟನ ಎತ್ತರವು ಸುಮಾರು 42 ಅಡಿ. ಅದರೆದುರಿನ ಚತುರ್ಮುಖ ಬಸದಿ ಕಟ್ಟಲ್ಪಟ್ಟುದು 1586ರಲ್ಲಿ. ಇವೆರಡನ್ನೂ ಶತಮಾನಗಳ ಕಾಲ ನೋಡಿದ ಜನರಲ್ಲಿ ಯಾರೂ ತಾವು ಕಲೆಯನ್ನು ನೋಡಲು ಹೋಗುತ್ತಿದ್ದೇವೆಂದು ಹೇಳಿಕೊಂಡಿರಲಾರರು. ಅವರು ದರ್ಶನಕ್ಕೆ ಹೋದರು. ದರ್ಶನವೆಂದರೆ ನಾವು ನೋಡುವುದು ಮಾತ್ರವಲ್ಲ, ನಮ್ಮ ಮೇಲೆ ದೃಷ್ಟಿ ಬೀಳುವುದೂ ಹೌದು. ನೋಡುವವನು ಅಲ್ಲಿ ಪರೀಕ್ಷಕನಲ್ಲ, ಅರ್ಥಿ. ಹರಕೆ, ಭಯ, ಕೃತಜ್ಞತೆ, ಜಾತ್ರೆಯ ಸಂಭ್ರಮ, ಹತ್ತೂರ ಜನರನ್ನು ಕಾಣುವ ಆಸೆ, ಇವೆಲ್ಲವೂ ಅಲ್ಲಿಗೆ ಹೋಗುವ ಕಾರಣಗಳಾಗಿದ್ದವು. ಶಿಲ್ಪದ ಸೌಂದರ್ಯವು ಇವುಗಳ ನಡುವೆ ತಾನಾಗಿ ಮನಸ್ಸನ್ನು ಹೊಗುತ್ತಿತ್ತು. ಇಂತಹ ಅಭ್ಯಾಸವುಳ್ಳ ಜನರ ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯೂಸಿಯಂ ಎಂಬ ಹೊಸ ಕಟ್ಟಡವು ಬಂದು ನಿಂತಿತು.

ಯೂರೋಪಿನಲ್ಲಿಯೂ ಈ ಸಂಸ್ಥೆ ಬಹು ಹಳೆಯದೇನಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ 1759ರಲ್ಲಿ ತೆರೆದಾಗ ಒಳಗೆ ಹೋಗಬೇಕಾದವರು ಮೊದಲೇ ಅರ್ಜಿ ಕೊಟ್ಟು ಟಿಕೆಟ್ಟು ಪಡೆಯಬೇಕಾಗಿತ್ತು. ಪಂಡಿತನಿಗೂ ಜಿಜ್ಞಾಸುವಿಗೂ ಸ್ವಾಗತ, ಆದರೆ ಅವನು ಮೊದಲು ತನ್ನ ಯೋಗ್ಯತೆಯನ್ನು ತೋರಿಸಬೇಕು ಎಂಬಂತಹ ಏರ್ಪಾಡು ಅದು. ಪ್ಯಾರಿಸ್ಸಿನಲ್ಲಿ ಕ್ರಾಂತಿಯ ಸರಕಾರವು 1793ರಲ್ಲಿ ಲೂವ್ರ್ ಅರಮನೆಯ ಚಿತ್ರಗಳನ್ನು ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ಕಾರಣವೇ ಬೇರೆ. ನಿನ್ನೆಯವರೆಗೆ ದೊರೆಯದಾಗಿದ್ದ ಸೊತ್ತು ಇಂದು ಪ್ರಜೆಗಳದು ಎಂಬುದನ್ನು ಕಣ್ಣಾರೆ ಕಂಡುಕೊಳ್ಳುವುದಕ್ಕಾಗಿ ಜನರು ಅಲ್ಲಿಗೆ ಹೋದರು. ಒಂದು ಕಡೆ ವಿದ್ಯೆ, ಮತ್ತೊಂದು ಕಡೆ ಒಡೆತನ: ಈ ಎರಡು ಕಾರಣಗಳೂ ಬೇರೆ ಬೇರೆ ರೂಪಗಳಲ್ಲಿ ನಮ್ಮ ನಾಡಿಗೂ ಬಂದವು. ಆದರೆ ನಮ್ಮ ಜನರು ಇವೆರಡಕ್ಕೂ ಮೊದಲು ಮೂರನೆಯದೊಂದನ್ನು ತಾವೇ ಕಂಡುಕೊಂಡರು. ಅದು ತಮಾಷೆ.

ಮದರಾಸಿನ ಸರಕಾರಿ ಮ್ಯೂಸಿಯಂ 1851ರಲ್ಲಿ ಆರಂಭವಾಯಿತು. ಉಡುಪಿ, ಕಾಪು, ಕಾರ್ಕಳಗಳನ್ನೊಳಗೊಂಡ ದಕ್ಷಿಣ ಕನ್ನಡವು ರಾಜ್ಯಗಳ ಪುನರ್ವಿಂಗಡಣೆಯಾದ 1956ರವರೆಗೆ ಮದರಾಸಿಗೆ ಸೇರಿದ್ದುದರಿಂದ ಇದನ್ನೇ ನಮ್ಮ ಕರಾವಳಿಯವರ ಮೊದಲನೆಯ ಸರಕಾರಿ ಮ್ಯೂಸಿಯಂ ಎನ್ನಬೇಕು. ಅದರ ಮೊದಲನೆಯ ಅಧಿಕಾರಿಯಾದ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯನು ಜನರ ಸ್ವಭಾವವನ್ನು ಬಲ್ಲವನು. ಕಲ್ಲು, ಲೋಹ, ಒಣಗಿಸಿದ ಗಿಡಗಳಿಗಿಂತ ಜೀವಂತವಾದ ಪ್ರಾಣಿಗಳು ಹೆಚ್ಚು ಜನರನ್ನು ಸೆಳೆಯುವುದನ್ನು ಕಂಡು ಅವನು 1855ರಲ್ಲಿ ಅದೇ ಆವರಣದಲ್ಲಿ ಪ್ರಾಣಿಸಂಗ್ರಹವನ್ನೂ ಏರ್ಪಡಿಸಿದನು. ಹುಲಿಯನ್ನು ನೋಡಲು ಬಂದವರು ದಾರಿಯಲ್ಲಿ ಅಮರಾವತಿಯ ಶಿಲೆಗಳನ್ನೂ ನೋಡಿಕೊಂಡು ಹೋಗುವಂತಾಯಿತು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ನಮ್ಮ ಕಡೆಯವರಿಗೂ ಮದರಾಸಿನ ದಾರಿ ಸುಗಮವಾಯಿತು. ಪೊಂಗಲ್ ಹಬ್ಬದ ಕೊನೆಯ ದಿನ ಸಂಸಾರ ಸಮೇತವಾಗಿ ಮ್ಯೂಸಿಯಂ ನೋಡುವ ಪದ್ಧತಿ ಮದರಾಸಿನ ಜನರಲ್ಲಿ ಬೇರೂರಿತು. ಜಾತ್ರೆಯ ಕಾರಣವು ಹೊಸ ಕಟ್ಟಡದ ಬಾಗಿಲನ್ನು ಹೀಗೆ ಪ್ರವೇಶಿಸಿತು.

ಬೆಂಗಳೂರಿನಲ್ಲಿ ಸರಕಾರಿ ಮ್ಯೂಸಿಯಂ ಸ್ಥಾಪಿತವಾದುದು 1865ರಲ್ಲಿ, ಬೌರಿಂಗ್ ಕಮೀಷನರಾಗಿದ್ದ ಕಾಲದಲ್ಲಿ. ಈಗಿರುವ ಕಟ್ಟಡವು ಎದ್ದುದು 1877ರಲ್ಲಿ. ಮೊದಮೊದಲು ಊರಿನ ಜನರು ಅದನ್ನು ತಮಾಷೆ ಬಂಗಲೆ ಎಂದು ಕರೆಯುತ್ತಿದ್ದರು. ಉತ್ತರದಲ್ಲಿ ಇದೇ ಬಗೆಯ ಮಂದಿರವು ಅಜಾಯಬ್ ಘರ್ ಎನಿಸಿಕೊಂಡಿತು. ಕಲ್ಕತ್ತೆಯಲ್ಲಿ ಜಾದೂಘರ್ ಎನಿಸಿಕೊಂಡಿತು. ಹೆಸರುಗಳೇ ಜನರ ಕಾರಣವನ್ನು ಸಾರುತ್ತವೆ. ಆ ಕಾಲದ ಅಧಿಕಾರಿಗಳಲ್ಲಿಯೂ ವಿದ್ಯಾವಂತರಲ್ಲಿಯೂ ಅನೇಕರು ಇದನ್ನು ಕೇಳಿ ಮುಖ ಸಿಂಡರಿಸಿದರು. ಜನರಿಗೆ ಬುದ್ಧಿ ಕಲಿಸಲೆಂದು ಕಟ್ಟಿದುದನ್ನು ಅವರು ಬೊಂಬೆಯಾಟವೆಂದು ಭಾವಿಸಿದರಲ್ಲಾ ಎಂದು ಮರುಗಿದರು. ನಮ್ಮ ಅಭಿಪ್ರಾಯದಲ್ಲಿ ಆ ಮರುಕಕ್ಕೆ ಕಾರಣವಿರಲಿಲ್ಲ. ಅಚ್ಚರಿಯು ಅರಿವಿನ ಶತ್ರುವಲ್ಲ, ಅದರ ಹೊಸ್ತಿಲು. ಆ ಬೆಂಗಳೂರಿನ ಮ್ಯೂಸಿಯಂನಲ್ಲಿಯೇ ಆತಕೂರಿನ ಶಿಲಾಶಾಸನವಿದೆ. ಹತ್ತನೆಯ ಶತಮಾನದ ಮಧ್ಯಭಾಗದ ಆ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಸ್ಮರಣೆಯಿದೆ. ಗಂಗ ರಾಷ್ಟ್ರಕೂಟರು ಚೋಳರೊಡನೆ ತಕ್ಕೋಲದಲ್ಲಿ ಮಾಡಿದ ಯುದ್ಧದ ಸುದ್ದಿಯೂ ಇದೆ. ಚರಿತ್ರಕಾರನು ಯುದ್ಧಕ್ಕಾಗಿ ಆ ಕಲ್ಲಿನ ಬಳಿ ನಿಲ್ಲುತ್ತಾನೆ. ಬಾಲಕನು ನಾಯಿಗಾಗಿ ನಿಲ್ಲುತ್ತಾನೆ. ನಾಯಿಗಾಗಿ ನಿಂತ ಬಾಲಕರಲ್ಲಿ ಒಬ್ಬನಾದರೂ ಮುಂದೆ ಯುದ್ಧದ ಸಾಲುಗಳನ್ನು ಓದಲು ಹಿಂದಿರುಗಿದರೆ ಮ್ಯೂಸಿಯಂ ತನ್ನ ಕೆಲಸವನ್ನು ಮಾಡಿದಂತೆಯೇ ಸರಿ.

ಶುದ್ಧವಾಗಿ ಚಿತ್ರಗಳಿಗೆಂದೇ ಏರ್ಪಟ್ಟ ಸಾರ್ವಜನಿಕ ಶಾಲೆ ಮೈಸೂರಿನಲ್ಲಿ ಆರಂಭವಾದುದು ಇಪ್ಪತ್ತನೆಯ ಶತಮಾನದಲ್ಲಿ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1915ರಲ್ಲಿ ಚಿತ್ರಶಾಲೆಯು ಏರ್ಪಟ್ಟಿತು. ರವಿವರ್ಮನ ಚಿತ್ರಗಳು ಅಲ್ಲಿ ಸೇರಿದವು. ದಸರಾ ನೋಡಲು ಬಂದ ಹಳ್ಳಿಯ ಜನರು ಪೇಟೆ, ಅರಮನೆ, ಮೃಗಾಲಯಗಳೊಡನೆ ಇದನ್ನೂ ನೋಡುವ ರೂಢಿ ಬಂದಿತು. ಆದರೆ ಅಲ್ಲಿ ಜನರು ಹೆಚ್ಚಾಗಿ ಹುಡುಕಿಕೊಂಡು ಹೋಗುತ್ತಿದ್ದುದು ಎರಡನ್ನು: ಸಣ್ಣ ಸಿಪಾಯಿಗಳು ಕಾಲವನ್ನು ಸಾರುವ ಫ್ರೆಂಚ್ ದೇಶದ ಸಂಗೀತ ಗಡಿಯಾರ, ಮತ್ತು ದೀಪವನ್ನು ಹಿಡಿದ ಸ್ತ್ರೀಯ ಚಿತ್ರ. ಎರಡನೆಯದು ಸಾವಂತವಾಡಿಯ ಹಳದಣಕರರು 1945-46ರಲ್ಲಿ ನೀರುಬಣ್ಣದಲ್ಲಿ ಬರೆದುದು. ಕತ್ತಲೆಯಲ್ಲಿ ನಿಂತು ನೋಡಿದರೆ ದೀಪದ ಬೆಳಕು ಅವಳ ಬೆರಳುಗಳ ನಡುವೆ ನಿಜವಾಗಿಯೂ ಹೊಳೆಯುವಂತೆ ತೋರುವುದು. ಇದನ್ನು 1906ರಲ್ಲಿಯೇ ತೀರಿಕೊಂಡ ರವಿವರ್ಮನ ಕೃತಿಯೆಂದು ಭಾವಿಸಿ ಹಿಂದಿರುಗುವವರು ಬಹುಮಂದಿ. ಹೈದರಾಬಾದಿನಲ್ಲಿ 1951ರಲ್ಲಿ ತೆರೆದ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿಯೂ ಗಂಟೆಗೊಮ್ಮೆ ಬೊಂಬೆಯೊಂದು ಹೊರಗೆ ಬಂದು ಗಂಟೆ ಬಾರಿಸುವ ಗಡಿಯಾರದ ಮುಂದೆ ಜನರು ಕಿಕ್ಕಿರಿಯುತ್ತಾರೆ. ಹೀಗಿರಲಾಗಿ, ಗಡಿಯಾರವನ್ನು ನೋಡಲು ಬಂದವರನ್ನು ಹಾಸ್ಯಮಾಡುವುದು ಸುಲಭ. ಆದರೆ ಒಂದು ಮಾತನ್ನು ಗಮನಿಸಬೇಕು. ದೀಪದ ಸ್ತ್ರೀಯ ಮುಂದೆ ನಿಂತ ಗೃಹಸ್ಥನು, ಇದು ಹೇಗೆ ಸಾಧ್ಯವಾಯಿತು ಎಂದು ತನ್ನೊಡನೆ ಬಂದವರನ್ನು ಕೇಳುತ್ತಾನೆ. ಬಣ್ಣಕ್ಕೂ ಬೆಳಕಿಗೂ ಇರುವ ಸಂಬಂಧವನ್ನು ಕುರಿತ ಪ್ರಶ್ನೆ ಅದು. ಚಿತ್ರಕಲೆಯ ಪಂಡಿತರು ತಮ್ಮ ಜೀವಮಾನವನ್ನೆಲ್ಲ ಅದೇ ಪ್ರಶ್ನೆಗೆ ಮುಡಿಪು ಮಾಡಿದ್ದಾರೆ.

ಸ್ವಾತಂತ್ರ್ಯವು ಬಂದು ಕನ್ನಡನಾಡು ಒಂದಾದ ಬಳಿಕ ಲೂವ್ರ್‌ನ ಕಾರಣ, ಎಂದರೆ ಇದು ನಮ್ಮದು ಎಂಬ ಭಾವನೆ, ನಮ್ಮಲ್ಲಿಯೂ ಬಲವಾಯಿತು. ಮಂಗಳೂರಿನ ಬಿಜೈಯಲ್ಲಿ ಕರ್ನಲ್ ಮಿರಾಜಕರರು ಹಡಗಿನ ಆಕಾರದ ತಮ್ಮ ಮನೆಯನ್ನು ಸಂಗ್ರಹ ಸಮೇತವಾಗಿ ತಾಯಿಯ ನೆನಪಿಗೆಂದು ಸರಕಾರಕ್ಕೆ ಒಪ್ಪಿಸಿದರು. ಅದು 1960ರಲ್ಲಿ ಶ್ರೀಮಂತಿಬಾಯಿ ಸ್ಮಾರಕ ಸರಕಾರಿ ಮ್ಯೂಸಿಯಂ ಆಗಿ ತೆರೆಯಿತು. ಬೆಂಗಳೂರಿನಲ್ಲಿ ಕೆ. ವೆಂಕಟಪ್ಪನವರ ಕೃತಿಗಳಿಗಾಗಿ ಕಟ್ಟಿದ ಚಿತ್ರಶಾಲೆ 1975ರಲ್ಲಿ ತೆರೆಯಿತು. ವೆಂಕಟಪ್ಪನವರು 1965ರಲ್ಲಿಯೇ ಕಾಲವಾಗಿದ್ದರು. ಈ ಶಾಲೆ ಬೇಗನೆ ಬೇರೊಂದು ಉಪಯೋಗಕ್ಕೂ ಬಂದಿತು: ಕಡಮೆ ಬಾಡಿಗೆಗೆ ಕೊಠಡಿ ದೊರೆಯುತ್ತಿದ್ದುದರಿಂದ ತರುಣ ಚಿತ್ರಕಾರರು ತಮ್ಮ ಮೊದಲನೆಯ ಪ್ರದರ್ಶನಗಳನ್ನು ಅಲ್ಲಿ ಏರ್ಪಡಿಸಿದರು, ನೋಡಲು ಬಂದವರು ಕೂಡಿ ಮಾತನಾಡುವ ಸ್ಥಳವೂ ಅದಾಯಿತು. 2016ರಲ್ಲಿ ಆ ಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದರ ಸಹಯೋಗಕ್ಕೆ ಕೊಡುವ ವಿಚಾರವು ತಿಳಿದಾಗ ಕಲಾವಿದರು ಅಲ್ಲಿಯೇ ನೆರೆದು ಪ್ರತಿಭಟಿಸಿದರು. ತಮಾಷೆ ಬಂಗಲೆಯ ಪಕ್ಕದ ಕಟ್ಟಡಕ್ಕಾಗಿ ಬೀದಿಯಲ್ಲಿ ನಿಲ್ಲುವ ಜನರು ಈ ನೂರೈವತ್ತು ವರ್ಷಗಳಲ್ಲಿ ಹುಟ್ಟಿದರೆಂಬುದು ಸಣ್ಣ ಸಂಗತಿಯಲ್ಲ.

ಇದೇ ಕಾಲದಲ್ಲಿ ವಿದ್ಯೆಯ ಕಾರಣವೂ ಹಬ್ಬಿತು. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಪ್ರವಾಸಕ್ಕೆ ಕರೆದೊಯ್ಯುವುದು ಪದ್ಧತಿಯಾಯಿತು. ಸಾಲಾಗಿ ನಡೆಯುತ್ತ, ಉಪಾಧ್ಯಾಯರ ಸೀಟಿಗೆ ಓಡುತ್ತ, ಅರ್ಧ ಗಂಟೆಯಲ್ಲಿ ಸಾವಿರ ವಸ್ತುಗಳನ್ನು ದಾಟಿಹೋಗುವ ಈ ಮಕ್ಕಳೇ ನಮ್ಮ ಸಂಗ್ರಹಾಲಯಗಳ ದೊಡ್ಡ ಪ್ರೇಕ್ಷಕವರ್ಗ. ಅವರು ತಾವಾಗಿ ಬಂದವರಲ್ಲ, ಕರೆತರಲ್ಪಟ್ಟವರು. ಆದರೂ ಇದನ್ನು ವ್ಯರ್ಥವೆನ್ನಲಾಗದು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೆರ್ ಬೂರ್ದಿಯು ತನ್ನ ಸಂಗಡಿಗನೊಡನೆ ಯೂರೋಪಿನ ಕಲಾಸಂಗ್ರಹಾಲಯಗಳ ಪ್ರೇಕ್ಷಕರನ್ನು ವಿಚಾರಿಸಿ 1966ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಬಾಗಿಲಿನಲ್ಲಿ ಹಣ ಕೇಳುವುದಕ್ಕಿಂತ ಹೆಚ್ಚಾಗಿ ಶಿಕ್ಷಣದ ಕೊರತೆಯೇ ಜನರನ್ನು ಹೊರಗಿಡುತ್ತದೆ, ಕಲೆಯ ಮೇಲಿನ ಪ್ರೀತಿ ಹುಟ್ಟಿನಿಂದ ಬಂದುದೆಂದು ತೋರಿದರೂ ಮನೆಯಲ್ಲಿಯೂ ಶಾಲೆಯಲ್ಲಿಯೂ ಕಲಿತುದು ಎಂಬುದು ಅದರ ಸಾರಾಂಶ. ಈ ಮಾತು ನಮ್ಮ ನಾಡಿಗೂ ಬಹುಮಟ್ಟಿಗೆ ಸಲ್ಲುವುದು. ಒಳಗೆ ಹೋದರೆ ಏನು ಮಾಡಬೇಕು, ಎಲ್ಲಿ ನಿಲ್ಲಬೇಕು ಎಂದು ತಿಳಿಯದವನು ಬಾಗಿಲು ತೆರೆದಿದ್ದರೂ ಹೊರಗೇ ಉಳಿಯುತ್ತಾನೆ. ಬಾಲ್ಯದಲ್ಲಿ ಒಮ್ಮೆ ಸಾಲಿನಲ್ಲಿ ನಡೆದು ಹೋದವನಿಗೆ ಆ ಸಂಕೋಚವು ಅರ್ಧವಾದರೂ ಕಳೆದಿರುತ್ತದೆ.

ಇಷ್ಟರವರೆಗೆ ನಾವು ಹೇಳಿದ ಕಾರಣಗಳು ದೂರದ ವಸ್ತುಗಳನ್ನು ನೋಡುವವರಿಗೆ ಸಂಬಂಧಿಸಿದುವು. ನಮ್ಮ ಕರಾವಳಿಯಲ್ಲಿ ನಡೆದ ಎರಡು ಸಂಗತಿಗಳು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯನ್ನು ಎತ್ತುತ್ತವೆ. ಮನೆಯ ಒಳಗಿನ, ದೈವದ ಗುಡಿಯ ಒಳಗಿನ ವಸ್ತುವೇ ಪ್ರದರ್ಶನದ ವಸ್ತುವಾದಾಗ ಜನರು ಅದನ್ನು ಯಾವ ಕಾರಣಕ್ಕೆ ನೋಡಬೇಕು ಎಂಬುದು ಆ ಪ್ರಶ್ನೆ.

ಮೊದಲನೆಯದು ಬಾರ್ಕೂರಿನ ಕಡೆಯ ಮೆಕ್ಕೆಕಟ್ಟಿನದು. ಅಲ್ಲಿಯ ನಂದಿಕೇಶ್ವರನ ಸನ್ನಿಧಿಯಲ್ಲಿ ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಆಳೆತ್ತರದ ಭೂತಗಣಗಳು ಸಾಲು ಸಾಲಾಗಿ ನಿಂತಿವೆ. ಮರವು ಜೀರ್ಣವಾದಾಗ ಹಳೆಯ ಮೂರ್ತಿಗಳನ್ನು ವಿಸರ್ಜಿಸಿ ಹೊಸದನ್ನು ಕೆತ್ತಿಸುವುದು ನಮ್ಮವರ ವಾಡಿಕೆ. ಮೂರ್ತಿಯಲ್ಲಿದ್ದ ಶಕ್ತಿ ಹೊಸದಕ್ಕೆ ಹೋದ ಮೇಲೆ ಹಳೆಯದು ಬರಿಯ ಮರ ಮಾತ್ರ. 1960ರ ದಶಕದಲ್ಲಿ ಗುಡಿಯು ನವೀಕೃತವಾದಾಗ ಹಳೆಯ ಮೂರ್ತಿಗಳಲ್ಲಿ ಹಲವು ದೆಹಲಿಯ ಕರಕುಶಲ ಸಂಗ್ರಹಾಲಯವನ್ನು ಸೇರಿದವು. ಇಂದು ಅವು ಆ ಸಂಗ್ರಹದ ಹೆಮ್ಮೆಯ ಭಾಗವಾಗಿವೆ. ಇದರ ಫಲವಾಗಿ ಒಂದು ವಿಚಿತ್ರವಾದ ಸ್ಥಿತಿ ಉಂಟಾಗಿದೆ. ಊರಿನಲ್ಲಿರುವ ಹೊಸ ಮೂರ್ತಿಯ ಮುಂದೆ ಭಕ್ತನು ಕೈಮುಗಿದು, ಕಣ್ಣೆತ್ತಿ ದೀರ್ಘವಾಗಿ ನೋಡಲೂ ಅಳುಕುತ್ತಾನೆ. ದೆಹಲಿಯಲ್ಲಿರುವ ಹಳೆಯ ಮೂರ್ತಿಯ ಮುಂದೆ ಪ್ರವಾಸಿಯು ನಿರ್ಭಯವಾಗಿ ನಿಂತು ಉಳಿಯ ಗುರುತನ್ನೂ ಕಣ್ಣುಗಳ ದೊಡ್ಡ ಗಾತ್ರವನ್ನೂ ಮೆಚ್ಚುತ್ತಾನೆ. ಭಕ್ತನಿಗೆ ದೊರೆತುದು ಪ್ರವಾಸಿಗೆ ದೊರೆಯದು; ಪ್ರವಾಸಿಯು ಕಂಡುದನ್ನು ಭಕ್ತನು ಬಹುಶಃ ಕಾಣಲಾರ. ಮೂರನೆಯವನೂ ಒಬ್ಬನಿದ್ದಾನೆ. ಉದ್ಯೋಗದ ನಿಮಿತ್ತ ದೆಹಲಿಯಲ್ಲಿ ನೆಲೆಸಿದ ತುಳುನಾಡಿನವನು ಅಕಸ್ಮಾತ್ತಾಗಿ ಅಲ್ಲಿಗೆ ಹೋದರೆ, ಚಪ್ಪಲಿ ಕಳಚಬೇಕೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸುವನು. ಆ ಕ್ಷಣದಲ್ಲಿ ದರ್ಶನವೂ ನೋಟವೂ ಒಂದೇ ಮನಸ್ಸಿನಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೆನಿಯು ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳ ಸಂಧಿಯಲ್ಲಿ ಬರೆದ ಭಿತ್ತಿಚಿತ್ರಗಳ ಕೆಳಗೆ ಇದಕ್ಕೆ ಸಮಾನವಾದುದು ನಿತ್ಯವೂ ನಡೆಯುತ್ತದೆ: ಮೊಣಕಾಲೂರಿದವನ ಪಕ್ಕದಲ್ಲಿಯೇ ಕತ್ತೆತ್ತಿ ಛಾವಣಿಯನ್ನು ನೋಡುವವನು ನಿಂತಿರುತ್ತಾನೆ. ಇಬ್ಬರೂ ಅಲ್ಲಿ ಸಲ್ಲುವವರೇ.

ಎರಡನೆಯ ಸಂಗತಿ ಮನೆಗಳದು. ಉಡುಪಿ, ಕಾಪು, ಕಾರ್ಕಳದ ಸುತ್ತಿನ ಗುತ್ತಿನ ಮನೆಗಳನ್ನೂ ಚೌಕಿ ಮನೆಗಳನ್ನೂ ನೋಡಿದವರಿಗೆ ಅವುಗಳ ವೈಭವವನ್ನು ವಿವರಿಸಬೇಕಾಗಿಲ್ಲ. ಹಲಸಿನ ಮರದ ದಪ್ಪ ಕಂಬಗಳು, ಕೆತ್ತನೆಯ ಮುಚ್ಚಿಗೆ, ತಂಪಾದ ಚಾವಡಿ, ನಡುವೆ ಅಂಗಳ, ಮೇಲೆ ಉಪ್ಪರಿಗೆ. ಇವು ಒಂದೇ ದಿನ ಬೀಳಲಿಲ್ಲ. 1949ರ ಮದರಾಸಿನ ಅಳಿಯಸಂತಾನ ಕಾನೂನು ಕೂಡುಕುಟುಂಬದ ಆಸ್ತಿಯನ್ನು ಪಾಲುಮಾಡಿಕೊಳ್ಳುವ ಹಕ್ಕನ್ನು ಕೊಟ್ಟಿತು. ಮುಂಬಯಿಯ ಹೋಟೆಲುಗಳೂ ಬ್ಯಾಂಕುಗಳೂ ತರುಣರನ್ನು ಊರಿನಿಂದ ಸೆಳೆದವು. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಅಕ್ಕಿ ಬರುವುದು ನಿಂತಿತು. ಉಳುವವನಿಗೆ ಭೂಮಿ ದೊರೆತುದು ನ್ಯಾಯವೇ. ಅದರೊಡನೆ ನಲವತ್ತು ಕಂಬಗಳ ಮನೆಯನ್ನು ಪ್ರತಿ ವರ್ಷ ದುರಸ್ತಿ ಮಾಡಿಸುವ ಶಕ್ತಿ ಮನೆಯವರಲ್ಲಿ ಉಳಿಯಲಿಲ್ಲವೆಂಬುದೂ ನಿಜವೇ. ಮನೆಗಳು ಕಳಚಿ, ಕಂಬಗಳೂ ಬಾಗಿಲುಗಳೂ ಮರದ ವ್ಯಾಪಾರಿಗಳ ಪಾಲಾದವು. ಅವುಗಳ ಜಾಗದಲ್ಲಿ ಸಿಮೆಂಟಿನ ಮನೆಗಳು ಎದ್ದವು.

ಉಡುಪಿಯ ವಿಜಯನಾಥ ಶೆಣೈ ಎಂಬವರು ಬ್ಯಾಂಕಿನ ಉದ್ಯೋಗದಲ್ಲಿದ್ದುಕೊಂಡು ಹೀಗೆ ಬಿದ್ದುಹೋಗುತ್ತಿದ್ದ ಮನೆಗಳ ಭಾಗಗಳನ್ನು ಸಂಗ್ರಹಿಸುವುದಕ್ಕೆ ತೊಡಗಿದರು. ಅವುಗಳಿಂದ ಮಣಿಪಾಲದಲ್ಲಿ ತಮ್ಮ ವಾಸಕ್ಕೆಂದೇ ಒಂದು ಮನೆಯನ್ನು ಕಟ್ಟಿ ಅದಕ್ಕೆ ಹಸ್ತಶಿಲ್ಪವೆಂದು ಹೆಸರಿಟ್ಟರು. ಅದು ಸಂಗ್ರಹಾಲಯವಾಗಬೇಕೆಂಬ ಉದ್ದೇಶವು ಮೊದಲು ಇರಲಿಲ್ಲ. ಆದರೆ ಅದನ್ನು ನೋಡಲು ಜನರು ಬರತೊಡಗಿದರು. ಅವರ ಸಂಖ್ಯೆಯು ಬೆಳೆಯುತ್ತ ಹೋಗಿ, ಕೊನೆಗೆ ಮನೆಯವರೇ ಆ ಮನೆಯನ್ನು ಪ್ರೇಕ್ಷಕರಿಗೆ ಬಿಟ್ಟು ಬೇರೆ ಕಡೆಗೆ ಹೋಗಬೇಕಾಯಿತು. ಪ್ರೇಕ್ಷಕರ ಕುತೂಹಲವು ಗೃಹಸ್ಥನನ್ನು ತನ್ನ ಮನೆಯಿಂದಲೇ ಹೊರಡಿಸಿದ ಇಂತಹ ಉದಾಹರಣೆ ಅಪರೂಪವಾದುದು. ಬಳಿಕ 1990ರ ದಶಕದ ಕೊನೆಯಿಂದ ಮಣಿಪಾಲದಲ್ಲಿಯೇ ಸುಮಾರು 6 ಎಕರೆ ಜಾಗದಲ್ಲಿ ಅವರು ಮನೆಗಳ ಊರೊಂದನ್ನೇ ಎಬ್ಬಿಸಿದರು. ಕುಂಜೂರಿನ ಚೌಕಿ ಮನೆ, ಹರ್ಕೂರಿನ ಮನೆ, ಮಿಯಾರಿನ ಮನೆ, ಕುಕನೂರಿನ ಕಮಲ ಮಹಲು, ಮುಧೋಳ ಅರಮನೆಯ ದರ್ಬಾರು ಮೊದಲಾದುವನ್ನು ಕಳಚಿ ತಂದು, ಒಂದೊಂದು ತೊಲೆಯನ್ನೂ ಅದರದರ ಸ್ಥಳದಲ್ಲಿ ಮತ್ತೆ ಕೂಡಿಸಲಾಯಿತು. ಶೆಣೈಯವರು 2017ರಲ್ಲಿ ತೀರಿಕೊಂಡರು.

ಅಲ್ಲಿಗೆ ಬರುವವರ ಕಾರಣವೇನು? ಅದು ತಮಾಷೆಯೂ ಅಲ್ಲ, ಪಾಠವೂ ಅಲ್ಲ. ಅರುವತ್ತು ಎಪ್ಪತ್ತು ವರ್ಷದ ನಮ್ಮ ಕಡೆಯವರು ಅಲ್ಲಿಯ ಚಾವಡಿಗೆ ಕಾಲಿಟ್ಟೊಡನೆ ಮೊದಲು ಮಾಡುವುದು ಹೋಲಿಕೆ: ನಮ್ಮ ಅಜ್ಜಿಯ ಮನೆಯ ಕಂಬ ಇದಕ್ಕಿಂತ ದಪ್ಪವಾಗಿತ್ತು, ನಮ್ಮ ಬಾಗಿಲಿಗೆ ಎರಡು ಚಿಲಕಗಳಿದ್ದುವು, ಇಂತಹದೇ ಭತ್ತದ ಪತ್ತಾಯದ ಹಿಂದೆ ನಾವು ಅಡಗಿಕೊಳ್ಳುತ್ತಿದ್ದೆವು ಎನ್ನುವರು. ಸೀತೆಯು ಚಿತ್ರಗಳ ಮುಂದೆ ಮಾಡಿದುದೂ ಇದನ್ನೇ ಅಲ್ಲವೇ? ತಮ್ಮ ಜೀವನವನ್ನೇ ಹೊರಗೆ ನಿಂತು ನೋಡುವ ಈ ಕಾರಣಕ್ಕೆ ಸ್ಮರಣೆಯೆಂದು ಹೆಸರು. ಇದು ಬಲವಾದುದು, ಆದರೆ ಇದಕ್ಕೆ ಆಯುಸ್ಸು ಕಡಮೆ. ಅಂತಹ ಮನೆಯಲ್ಲಿ ಆಡಿ ಬೆಳೆದವರು ಇನ್ನು ಎಷ್ಟು ವರ್ಷ ಇರುವರು? ಅವರ ಕೈಹಿಡಿದು ಬರುವ ಮೊಮ್ಮಕ್ಕಳು ಸಿಮೆಂಟಿನ ಮನೆಯಲ್ಲಿ ಹುಟ್ಟಿದವರು. ಅವರಿಗೆ ಇಲ್ಲಿ ನೆನಪಿಸಿಕೊಳ್ಳುವುದಕ್ಕೆ ಏನೂ ಇಲ್ಲ. ಮಣಿಪಾಲದ ವಿದ್ಯಾಲಯಗಳಿಗೆ ದೇಶ ವಿದೇಶಗಳಿಂದ ಬಂದ ವಿದ್ಯಾರ್ಥಿಗಳಿಗಂತೂ ಇದು ಮೊದಲಿನಿಂದಲೂ ಹೊರಗಿನದೇ. ಸ್ಮರಣೆಯೊಂದನ್ನೇ ನಂಬಿದ ಸಂಗ್ರಹಾಲಯವು ಆ ಪೀಳಿಗೆಯೊಡನೆ ಬರಿದಾಗುವ ಭಯವುಂಟು. ನಮ್ಮ ಕರಾವಳಿಯ ಸಂಗ್ರಹಗಳ ಮುಂದೆ ಈಗ ನಿಂತಿರುವ ನಿಜವಾದ ಸಮಸ್ಯೆ ಇದು. ಮನೆಯನ್ನು ಉಳಿಸಿಯಾಯಿತು, ಅದನ್ನು ನೋಡುವ ಕಾರಣವನ್ನು ಉಳಿಸುವುದು ಹೇಗೆ?

ಇದಕ್ಕೆ ಉತ್ತರವನ್ನು ಹುಡುಕುವಾಗ ವಿದ್ವಾಂಸರ ಒಂದು ವಿಚಾರವು ಸಹಾಯಕವಾಗಬಹುದು. ಅಮೆರಿಕದ ಜಾನ್ ಫಾಲ್ಕ್ ಎಂಬವನು ಸಂಗ್ರಹಾಲಯಗಳ ಪ್ರೇಕ್ಷಕರನ್ನು ಬಹುಕಾಲ ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರನ್ನು ಐದು ಬಗೆಯಾಗಿ ವಿಂಗಡಿಸಿದನು: ಕುತೂಹಲದಿಂದ ಬರುವವರು, ಮಕ್ಕಳಿಗೋ ಅತಿಥಿಗಳಿಗೋ ತೋರಿಸಲು ಬರುವವರು, ಊರಿಗೆ ಬಂದ ಮೇಲೆ ನೋಡಲೇಬೇಕೆಂದು ಬರುವವರು, ಅದೇ ವೃತ್ತಿಯ ಅಥವಾ ಹವ್ಯಾಸದವರು, ಮತ್ತು ಮನಸ್ಸಿನ ಶಾಂತಿಗಾಗಿ ಬರುವವರು. ಈ ವಿಂಗಡಣೆಗಿಂತ ಮುಖ್ಯವಾದುದು ಅವನ ಇನ್ನೊಂದು ಮಾತು. ಇವು ಐದು ಜಾತಿಯ ಜನರಲ್ಲ; ಒಬ್ಬನೇ ಮನುಷ್ಯನು ಇಂದು ಒಂದು ಕಾರಣಕ್ಕೂ ನಾಳೆ ಇನ್ನೊಂದು ಕಾರಣಕ್ಕೂ ಬರಬಹುದು. ಸೋಮವಾರ ಮಗನಿಗೆ ತೋರಿಸಲು ಬಂದ ತಾಯಿ ಶುಕ್ರವಾರ ಒಬ್ಬಳೇ ಬಂದು ಒಂದು ಚಿತ್ರದ ಮುಂದೆ ಸುಮ್ಮನೆ ಕುಳಿತಿರಬಹುದು. ಈಚೆಗೆ ಮೊಬೈಲಿನಲ್ಲಿ ತಮ್ಮದೇ ಚಿತ್ರವನ್ನು ತೆಗೆದುಕೊಳ್ಳುವುದಕ್ಕೆಂದೇ ಬರುವ ತರುಣರನ್ನು ಕಂಡು ಬೇಸರಪಡುವವರು ಅನೇಕರಿದ್ದಾರೆ. ಬೆಂಗಳೂರಿನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾಶಾಲೆಯಲ್ಲಿಯೂ, 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ಹೊಸ ಸಂಗ್ರಹಾಲಯದಲ್ಲಿಯೂ ಇಂತಹವರು ಕಾಣಸಿಗುವರು. ಇದು ಗಡಿಯಾರದ ಮುಂದೆ ನೆರೆದವರ ಹೊಸ ಅವತಾರವೆಂದು ನಾವು ತಿಳಿಯುತ್ತೇವೆ. ಅವರ ಅಜ್ಜಂದಿರನ್ನು ಒಳಗೆ ಬಿಟ್ಟುಕೊಂಡ ಸಂಸ್ಥೆಗಳು ಇವರನ್ನು ಹಳಿಯುವುದು ಸರಿಯಲ್ಲ.

ಆದುದರಿಂದ ಬಾಗಿಲಿನಲ್ಲಿ ಕಾರಣವನ್ನು ತೂಗಿ ನೋಡುವುದಕ್ಕಿಂತ, ಒಳಗೆ ಬಂದ ಮೇಲೆ ಅದು ಬೆಳೆಯುವುದಕ್ಕೆ ಬೇಕಾದ ಅನುಕೂಲಗಳನ್ನು ಮಾಡುವುದು ಮೇಲು. ಅವು ದೊಡ್ಡ ಖರ್ಚಿನವಲ್ಲ. ಮೊದಲನೆಯದು ಕುಳಿತುಕೊಳ್ಳಲು ಆಸನ. ಬಾಗಿ ಬಾಗಿ ನೋಡುವ ಪ್ರೇಕ್ಷಕನ ದಣಿವನ್ನು ಬಾಸ್ಟನ್ನಿನ ಬೆಂಜಮಿನ್ ಗಿಲ್ಮನ್ ಎಂಬವನು 1916ರಲ್ಲಿಯೇ ಛಾಯಾಚಿತ್ರಗಳ ಸಹಿತ ವಿವರಿಸಿದ್ದನು. ನಮ್ಮ ಎಷ್ಟೋ ಶಾಲೆಗಳಲ್ಲಿ ಇಂದಿಗೂ ವೃದ್ಧರು ಕುಳಿತುಕೊಳ್ಳಲು ಒಂದು ಬೆಂಚು ಸಿಕ್ಕುವುದಿಲ್ಲ. ಎರಡನೆಯದು ಕನ್ನಡದಲ್ಲಿ, ಕರಾವಳಿಯಲ್ಲಾದರೆ ತುಳು ಕೊಂಕಣಿಗಳ ಹೆಸರುಗಳೊಡನೆ, ಬರೆದ ವಿವರಣೆ. ಮರದ ಕಂಬ ಎಂದು ಬರೆದರೆ ಸಾಲದು. ಯಾವ ಊರಿನ ಯಾವ ಮನೆಯದು, ಯಾವ ಮರ, ಅದನ್ನು ನಿಲ್ಲಿಸಿದ ಆಚಾರಿಗಳ ಹೆಸರು ತಿಳಿದಿದ್ದರೆ ಅದು, ಕೀಲನ್ನು ಮೊಳೆಯಿಲ್ಲದೆ ಕೂಡಿಸಿದ ಬಗೆ ಹೇಗೆ, ಇವನ್ನು ತಿಳಿಸಬೇಕು. ಅಜ್ಜಿಯ ಮನೆಯ ನೆನಪಿಲ್ಲದ ಬಾಲಕನಿಗೆ ಕೀಲಿನ ಯುಕ್ತಿಯೇ ಬಂದು ನೋಡುವ ಹೊಸ ಕಾರಣವಾಗಬಲ್ಲುದು; ನಾಳೆ ಅವನು ಬಡಗಿಯೋ ಶಿಲ್ಪಿಯೋ ಎಂಜಿನಿಯರನೋ ಆಗಬಹುದು. ಮೂರನೆಯದು, ಮುದುಕರ ಹೋಲಿಕೆಯ ಮಾತುಗಳನ್ನು ಈಗಲೇ ಬರೆದಿಟ್ಟುಕೊಳ್ಳುವುದು. ಪತ್ತಾಯದ ಹಿಂದೆ ಅಡಗಿದವರು ತಮ್ಮ ಆಟವನ್ನು ಹೇಳಿಹೋದರೆ, ಮುಂದೆ ಬರುವವನಿಗೆ ಆ ಪೆಟ್ಟಿಗೆ ಬರಿಯ ಪೆಟ್ಟಿಗೆಯಾಗಿ ಉಳಿಯದು. ನಾಲ್ಕನೆಯದು, ಯಾವ ಊರುಗಳಿಂದ ವಸ್ತುಗಳು ಬಂದವೋ ಆ ಊರಿನ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಹಣ ಕೇಳದೆ ಕರೆತರುವುದು. ಕುಂಜೂರಿನ ಹುಡುಗಿಗೆ ಅದು ತನ್ನ ಊರಿನ ಮನೆಯೆಂದು ತಿಳಿಯುವ ಹಕ್ಕುಂಟು.

ಒಟ್ಟಿನಲ್ಲಿ ಹೇಳುವುದಾದರೆ, ದರ್ಶನ, ತಮಾಷೆ, ಹೆಮ್ಮೆ, ಪಾಠ, ಸ್ಮರಣೆ ಎಂಬ ಕಾರಣಗಳು ಒಂದರ ಬಳಿಕ ಒಂದು ನಮ್ಮಲ್ಲಿ ಬಂದವು. ಆದರೆ ಹೊಸದು ಬಂದಾಗ ಹಳೆಯದು ಪೂರ್ತಿಯಾಗಿ ಹೋಗಲಿಲ್ಲ. ಇಂದಿಗೂ ಒಂದೇ ಕೊಠಡಿಯಲ್ಲಿ ಇವೆಲ್ಲವೂ ಅಕ್ಕಪಕ್ಕದಲ್ಲಿ ನಡೆದಾಡುತ್ತಿವೆ. ಒಂದು ಕಾರಣಕ್ಕೆ ಬಂದವನು ಇನ್ನೊಂದನ್ನು ಹೊತ್ತು ಹೋಗುವಷ್ಟು ಕಾಲ ಈ ಮಂದಿರಗಳು ಜೀವದಿಂದಿರುವುವು. ನಮ್ಮ ಶ್ರೋತೃಗಳು ಮುಂದಿನ ರಜೆಯಲ್ಲಿ ಸಮೀಪದ ಸಂಗ್ರಹಾಲಯಕ್ಕೆ ಹೋಗಿಬರುವುದಾದರೆ, ಎಲ್ಲವನ್ನೂ ಮುಗಿಸುವ ಆತುರವನ್ನು ಬಿಟ್ಟು, ಯಾವುದಾದರೂ ಒಂದೇ ವಸ್ತುವಿನ ಮುಂದೆ ಹತ್ತು ನಿಮಿಷ ನಿಲ್ಲಬೇಕೆಂದೂ, ಸಾಧ್ಯವಾದರೆ ತಮ್ಮೊಡನೆ ಒಬ್ಬ ವೃದ್ಧರನ್ನೂ ಒಂದು ಮಗುವನ್ನೂ ಕರೆದೊಯ್ಯಬೇಕೆಂದೂ ನಾವು ಕೇಳಿಕೊಳ್ಳುತ್ತೇವೆ.